ಎಳೆದರೆ ಬಿಗಿಯುವ ಚರ್ಮ
ಪ್ರಶ್ನೆ: ಅಂಗೈಯ ಹಿಂಬದಿಯ ಚರ್ಮವನ್ನು ಹಿಡಿದೆಳೆದರೆ ಮೊದಲು ಸಲೀಸಾಗಿ ಬರುತ್ತದೆ, ಆಮೇಲೆ ಬಿಗಿಯುತ್ತದೆ. ಏಕೆ?

ಉತ್ತರ: ಎಳೆತವನ್ನು ಮುಖ್ಯವಾಗಿ ತಾಳುವುದು ಮೇಲ್ಪದರವಲ್ಲ, ಅದರ ಕೆಳಗಿನ ಒಳಚರ್ಮ. ಅಲ್ಲಿ ಕೊಲಾಜೆನ್ ನಾರುಗಳು ಸಡಿಲಬಿಟ್ಟ ಹಗ್ಗದಂತೆ ಅಲೆಅಲೆಯಾಗಿ ಮಲಗಿರುವುದರಿಂದ, ಆರಂಭದಲ್ಲಿ ಎಳೆತಕ್ಕೆ ಎದುರಾಗುವುದು ಬಹುಮಟ್ಟಿಗೆ ರಬ್ಬರಿನಂಥ ಎಲಾಸ್ಟಿನ್ ನಾರುಗಳಷ್ಟೇ. ಕೊಲಾಜೆನ್ ನೆಟ್ಟಗಾದ ಮೇಲೆ ಚರ್ಮ ಗಡುಸಾಗುತ್ತದೆ. ವಯಸ್ಸಾದಂತೆ, ಅದರಲ್ಲೂ ಬಿಸಿಲುಂಡ ಮೈಯಲ್ಲಿ, ಎಲಾಸ್ಟಿನ್ ಕೆಡುವುದರಿಂದಲೇ ಅಜ್ಜಿಯ ಕೈಮೇಲೆ ಚಿವುಟಿದ ಮಡಿಕೆ ಕ್ಷಣಕಾಲ ಹಾಗೆಯೇ ನಿಂತಿರುತ್ತದೆ.

ಈ ನಾರುಗಳಿಗೆ ದಿಕ್ಕೂ ಉಂಟು. ಆಸ್ಟ್ರಿಯಾದ ಅಂಗರಚನಾಶಾಸ್ತ್ರಜ್ಞ ಕಾರ್ಲ್ ಲ್ಯಾಂಗರ್ 1861ರಲ್ಲಿ ಶವಗಳ ಚರ್ಮವನ್ನು ದಬ್ಬಳದಂಥ ದುಂಡು ಮೊನೆಯಿಂದ ಚುಚ್ಚಿದಾಗ (ಓದಲು ಹಿತವೆನಿಸದ ಪ್ರಯೋಗ, ನಿಜ), ತೂತುಗಳು ದುಂಡಗೆ ಉಳಿಯದೆ ಸೀಳಿನಂತೆ ಉದ್ದವಾದವು. ಆ ಸೀಳುಗಳ ಜಾಡಿನಲ್ಲೇ ಕೊಯ್ದರೆ ಗಾಯ ಹೆಚ್ಚು ಬಾಯಿ ತೆರೆಯುವುದಿಲ್ಲ.