ಸಂಪಾದಕರ ಉತ್ತರ: ಎಡಿಸನ್ನನ ಮೊದಲ ಯಂತ್ರ ಮತ್ತು ಕಟಪಾಡಿಯ ಮಕ್ಕಳು

ಕಟಪಾಡಿಯ ವಿಜ್ಞಾನ ಶಿಕ್ಷಕಿಯೊಬ್ಬರ ಪತ್ರ: ‘ಉಡುಪಿಯ ವಸ್ತುಪ್ರದರ್ಶನಕ್ಕೆ ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಎಡಿಸನ್ನನ ಮತ ದಾಖಲಿಸುವ ಯಂತ್ರದ ಮಾದರಿ ಮಾಡುತ್ತೇವೆ ಎನ್ನುತ್ತಿದ್ದಾರೆ. ಸೋತ ಯಂತ್ರ ಯಾಕೆ, ಬಲ್ಬೇ ಮಾಡಲಿ ಎಂಬುದು ಸಹೋದ್ಯೋಗಿಗಳ ಮಾತು. ನೀವೇನು ಹೇಳುತ್ತೀರಿ?’

ಪ್ರಿಯ ಟೀಚರ್, ನಮಸ್ಕಾರ.

ಮಕ್ಕಳು ಹೇಳಿದ್ದೇ ಸರಿ. ದಯವಿಟ್ಟು ಅವರನ್ನು ತಡೆಯಬೇಡಿ. 1879ರ ಬಲ್ಬಿನಿಂದ ಕತೆ ಶುರು ಮಾಡಿದರೆ ಎಡಿಸನ್ ಎಲ್ಲಿಂದಲೋ ಇಳಿದು ಬಂದ ಮಾಂತ್ರಿಕನಂತೆ ಕಾಣುತ್ತಾನೆ. ಆತ ಹೊಟ್ಟೆಪಾಡಿಗೆ ತಂತಿ ಕಛೇರಿಯಲ್ಲಿ ದುಡಿಯುತ್ತಿದ್ದ ಹುಡುಗ. ಮೊದಮೊದಲು ಮಾಡಿದ್ದೆಲ್ಲ ಆ ಮೇಜಿನ ಮೇಲೆಯೇ ಹುಟ್ಟಿದ್ದು. ಹದಿನಾರರ ಪ್ರಾಯದಲ್ಲಿ ಕೆನಡಾದ ಸ್ಟ್ರಾಟ್‌ಫರ್ಡ್ ಜಂಕ್ಷನ್ನಿನಲ್ಲಿ ರಾತ್ರಿಪಾಳಿ. ಎಚ್ಚರವಾಗಿದ್ದೇನೆ ಎಂದು ತೋರಿಸಲು ಗಂಟೆಗೊಮ್ಮೆ ತಂತಿಯಲ್ಲಿ ಸಂಕೇತ ಕಳಿಸಬೇಕಿತ್ತು. ಗಡಿಯಾರಕ್ಕೆ ಹಲ್ಲಿನ ಚಕ್ರ ಜೋಡಿಸಿ, ಅದೇ ಸಂಕೇತ ಕಳಿಸುವ ಹಾಗೆ ಮಾಡಿ ಆತ ನಿದ್ದೆ ಹೊಡೆದ!

ಮತಯಂತ್ರವೂ ಆ ಜಾತಿಯದ್ದೇ. 1869ರ ಜೂನ್ 1ರಂದು ಅದಕ್ಕೆ 90,646ನೇ ಸಂಖ್ಯೆಯ ಪೇಟೆಂಟ್ ಸಿಕ್ಕಿತು, ಆತನ ಮೊದಲ ಪೇಟೆಂಟ್. ಆಗ ಪ್ರಾಯ 22. ಅದು ಶಾಸನಸಭೆಗಾಗಿ ಮಾಡಿದ್ದು: ಸದಸ್ಯ ತನ್ನ ಜಾಗದಲ್ಲೇ ಕೂತು ಗುಂಡಿಯನ್ನು ‘ಹೌದು’ ಅಥವಾ ‘ಇಲ್ಲ’ದ ಕಡೆಗೆ ಸರಿಸಬೇಕು. ಗುಮಾಸ್ತನ ಮೇಜಿನಲ್ಲಿ ಎಲ್ಲ ಸದಸ್ಯರ ಹೆಸರುಗಳೂ ಲೋಹದ ಅಚ್ಚಿನಲ್ಲಿ ಎರಡು ಸಾಲಾಗಿ ಇರುತ್ತವೆ. ಅದರ ಮೇಲೆ ರಾಸಾಯನಿಕ ಹಚ್ಚಿದ ಕಾಗದವಿಟ್ಟು ಲೋಹದ ರೋಲರ್ ಎಳೆದರೆ, ವಿದ್ಯುತ್ ಹರಿದ ಕಡೆ ಹೆಸರು ಮೂಡುತ್ತದೆ. ಒಟ್ಟು ಮತಗಳನ್ನು ಮುಳ್ಳುಗಳು ತೋರಿಸುತ್ತವೆ.

ಯಂತ್ರದಲ್ಲಿ ದೋಷವಿರಲಿಲ್ಲ. ಆದರೆ ವಾಷಿಂಗ್ಟನ್ನಿನಲ್ಲಿ ಅಮೆರಿಕದ ಸಂಸತ್ತಿನ ಸಮಿತಿ ಬೇಡವೆಂದಿತು. ಮತಕ್ಕಾಗಿ ಒಬ್ಬೊಬ್ಬರ ಹೆಸರು ಕೂಗುವ ಆ ನಿಧಾನದಲ್ಲೇ ಸದಸ್ಯರು ಮನವೊಲಿಸುತ್ತಿದ್ದರು, ಅಲ್ಪಸಂಖ್ಯಾತ ಪಕ್ಷ ಮಸೂದೆಯನ್ನು ಎಳೆದಾಡುತ್ತಿತ್ತು. ವೇಗ ಅವರಿಗೆ ಬೇಕಿರಲೇ ಇಲ್ಲ. ಜನಕ್ಕೆ ಬೇಡದ್ದನ್ನು ಇನ್ನು ಮಾಡುವುದಿಲ್ಲ ಎಂದು ಎಡಿಸನ್ ನಿಶ್ಚಯಿಸಿದ್ದು ಆಗಲೇ. ಮಕ್ಕಳಿಗೆ ಇದನ್ನು ಬಲ್ಬು ಕಲಿಸುವುದಿಲ್ಲ, ಟೀಚರ್.

ಅದೇ ವರ್ಷ ನ್ಯೂಯಾರ್ಕಿಗೆ ಬಂದಾಗ ಕೈಯಲ್ಲಿ ಕಾಸಿರಲಿಲ್ಲ. ಚಿನ್ನದ ದರ ಬಿತ್ತರಿಸುವ ಕಂಪನಿಯೊಂದರಲ್ಲಿ ರಾತ್ರಿ ಮಲಗುತ್ತಿದ್ದ. ಒಂದು ದಿನ ಅಲ್ಲಿನ ಯಂತ್ರ ನಿಂತು ಗದ್ದಲವೆದ್ದಿತು. ಮುರಿದ ಸ್ಪ್ರಿಂಗೊಂದು ಎರಡು ಹಲ್ಲುಚಕ್ರಗಳ ನಡುವೆ ಬಿದ್ದಿದ್ದನ್ನು ಕಂಡವನು ಈತ. ಕೆಲಸ ಸಿಕ್ಕಿತು. ಷೇರುದರ ಮುದ್ರಿಸುವ ಯಂತ್ರವನ್ನು ಸುಧಾರಿಸಿದ್ದಕ್ಕೆ 40,000 ಡಾಲರ್ ಬಂತೆಂದು ಮುಂದೆ ತಾನೇ ಹೇಳಿಕೊಂಡ. 1874ರಲ್ಲಿ ಒಂದೇ ತಂತಿಯಲ್ಲಿ ಒಟ್ಟಿಗೆ ನಾಲ್ಕು ಸಂದೇಶ ಕಳಿಸುವ ವಿಧಾನ, 1877ರಲ್ಲಿ ಧ್ವನಿಯನ್ನು ದಾಖಲಿಸಿ ಮತ್ತೆ ಕೇಳಿಸುವ ಫೋನೋಗ್ರಾಫ್.

ನಮ್ಮ ಬಂಟ್ವಾಳ ತಾಲೂಕಿನ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದ್ದು ಮರ ಹತ್ತುವವರು ಸಿಗದ ತೊಂದರೆಯಿಂದಲೇ. ಅವರ ಬಗ್ಗೆಯೂ ಮಕ್ಕಳಿಗೆ ಹೇಳಿ.

ಇನ್ನು ಮಾದರಿಯ ಮಾತು. ಬೆಳ್ತಿಗೆ ಅಕ್ಕಿಯ ಗಂಜಿತಿಳಿಗೆ ಪ್ರಯೋಗಾಲಯದ ಪೊಟ್ಯಾಸಿಯಂ ಅಯೋಡೈಡ್ ಸ್ವಲ್ಪ ಕರಗಿಸಿ, ಅದರಲ್ಲಿ ಸೋಸು ಕಾಗದ ನೆನೆಸಿ. 9 ವೋಲ್ಟಿನ ಬ್ಯಾಟರಿಯ ಋಣ ತಂತಿಯನ್ನು ಕಾಗದದ ಅಂಚಿಗೆ ತಾಗಿಸಿಡಿ, ಧನ ತಂತಿಯಿಂದ ಮೇಲೆ ಬರೆಯಿರಿ. ಅಯೋಡಿನ್ ಬಿಡುಗಡೆಯಾಗಿ, ಗಂಜಿಯೊಡನೆ ಸೇರಿ ಕಡುನೀಲಿ ಗೆರೆ ಮೂಡುತ್ತದೆ. ಎಡಿಸನ್ ಬಳಸಿದ ರಾಸಾಯನಿಕವೇ ಬೇಕೆಂದಿಲ್ಲ, ತತ್ವ ತಿಳಿದರೆ ಸಾಕು. ತರಗತಿ ನಾಯಕನ ಚುನಾವಣೆಯನ್ನೇ ಅದರಲ್ಲಿ ನಡೆಸಿ ತೋರಿಸಲಿ. ಸಮಿತಿ ಯಾಕೆ ನಿರಾಕರಿಸಿತು ಎಂಬುದನ್ನು ಪಕ್ಕದ ಚಾರ್ಟಿನಲ್ಲಿ ದೊಡ್ಡದಾಗಿ ಬರೆಯಲಿ.

ಪ್ರದರ್ಶನ ಮುಗಿದ ಮೇಲೆ ಮಕ್ಕಳ ಕೈಬರಹದಲ್ಲೇ ಒಂದು ಪುಟ, ಮಾದರಿಯ ಒಂದು ಫೋಟೋ ಕಳಿಸಿಕೊಡಿ. ಮಕ್ಕಳ ಪುಟದಲ್ಲಿ ಅದಕ್ಕೆ ಜಾಗ ತೆಗೆದಿಡುತ್ತೇವೆ.

– ಸಂಪಾದಕ