ಎರಡನೇ ಮಗುವಿಗೂ ಕಿವಿ ಕೇಳದಿದ್ದರೆ?

ಪ್ರಶ್ನೆ: ನನಗೆ 24 ವರ್ಷ. ಬೀದರ್ ಜಿಲ್ಲೆಯ ಭಾಲ್ಕಿ ಹತ್ತಿರದ ಹಳ್ಳಿ. ಸೋದರಮಾವನನ್ನೇ ಮದುವೆಯಾದೆ, ಹೀಗಾಗಿ ಅಜ್ಜಿಯೇ ನನಗೆ ಅತ್ತೆ. ಮಗಳಿಗೆ ಈಗ ಎರಡು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಲ್ಲ ಅಂತ ಬೆರಾ ಪರೀಕ್ಷೆಯಲ್ಲಿ ಗೊತ್ತಾಯಿತು. ಟ್ರ್ಯಾಕ್ಟರ್ ಹಾರ್ನ್ ಹೊಡೆದರೂ ತಿರುಗಲ್ಲ, ಬಾಗಿಲಲ್ಲಿ ನನ್ನ ನೆರಳು ಬಿದ್ದರೆ ಓಡಿ ಬರುತ್ತಾಳೆ. ಮನೆತನದಲ್ಲಿ ಬೇರೆ ಯಾರಿಗೂ ಹೀಗಿಲ್ಲ. ರಕ್ತಸಂಬಂಧದ ಮದುವೆ ಕಾರಣ ಇರಬಹುದು, ಮುಂದಿನ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ ಅಂದರು ಡಾಕ್ಟರ್. ಅಜ್ಜಿ ಮಾತ್ರ "ಒಂದಕ್ಕ ಬಂದದ, ಇನ್ನ ಮೂರಕ್ಕ ಬರಂಗಿಲ್ಲ, ಲಗೂನ ಇನ್ನೊಂದು ಹಡಿ" ಅಂತಾಳೆ. ಸಿಟ್ಟು ಬಂದರೆ "ನಿಮ್ಮಪ್ಪನ ರಕ್ತದಾಗಿಂದ ಬಂದದ" ಅಂತಾಳೆ. ಈಗ ನನ್ನ ತಂಗಿಯನ್ನೂ ದೊಡ್ಡ ಮಾವನ ಮಗನಿಗೆ ಕೊಡುವ ಮಾತು ನಡೆದಿದೆ. ಅದೇ ನಮ್ಮ ಮುತ್ಯಾ (ಅಜ್ಜ) ದೇವಣಿ ತಳಿಯ ಹೋರಿಯನ್ನು ಮೂರು ವರ್ಷಕ್ಕೊಮ್ಮೆ ಬದಲಿಸ್ತಾನೆ, ಅದರ ಕರುಗಳಿಗೇ ಅದು ಹಾರಬಾರದು ಅಂತ. ನಾನೇನು ಮಾಡಲಿ?

ಉತ್ತರ: ತಂಗಿ, ನಿಮ್ಮ ಕಾಗದ ಎರಡು ಸಲ ಓದಿದೆ. ಹುಟ್ಟದ ಮಗುವಿನ ಬಗ್ಗೆ, ಅಜ್ಜಿಯ ಬಗ್ಗೆ, ತಂಗಿಯ ಬಗ್ಗೆ ಬರೆದಿದ್ದೀರಿ. ನೆರಳು ನೋಡಿ ಓಡಿ ಬರುವ ಮಗಳಿಗೆ ಮುಂದೇನು ಅಂತ ಕೇಳಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಅವಳಿಗೆ ಕಾಯುವಷ್ಟು ಸಮಯ ಇಲ್ಲ.

ಮಾತು ಕಲಿಯಲು ಮೆದುಳಿಗೆ ಮೊದಲ ಕೆಲವು ವರ್ಷ ಬಹಳ ಮುಖ್ಯ. ಹಾಗಾಗಿ ಈ ವಾರವೇ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಹೋಗಿ. ಶ್ರವಣ ಯಂತ್ರ ಸಾಕಾಗುತ್ತಾ, ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಬೇಕಾ ಅಂತ ನೇರವಾಗಿ ಕೇಳಿ. ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಲ್ಲಿ ಐದು ವರ್ಷದೊಳಗಿನ ಮಕ್ಕಳ ಇಂಪ್ಲಾಂಟಿಗೆ ನೆರವು ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ವಿಚಾರಿಸಿ. ದೂರ ನಿಜ. ಆದರೂ ಒಮ್ಮೆ ಹೋಗಿ ಬನ್ನಿ.

ಇನ್ನು ರಕ್ತದ ಮಾತು. ಅಜ್ಜಿ ಹೇಳಿದ್ದು ನಿಮ್ಮನ್ನು ಎಷ್ಟು ಚುಚ್ಚಿದೆ ಅಂತ ಗೊತ್ತಾಗುತ್ತೆ. ಆ ಮಾತಿಗೆ ಆಧಾರ ಇಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಮೈ ಹೇಗೆ ಬೆಳೆಯಬೇಕು ಅಂತ ಹೆತ್ತವರಿಂದ ಬರುವ ಸೂಚನೆಗೆ ಜೀನ್ ಅಂತಾರೆ. ಒಂದೊಂದು ಜೀನೂ ನಮ್ಮಲ್ಲಿ ಎರಡು ಪ್ರತಿಯ ಜೋಡಿಯಾಗಿ ಇರುತ್ತೆ. ಒಂದು ಅವ್ವನಿಂದ ಬಂದದ್ದು, ಒಂದು ಅಪ್ಪನಿಂದ ಬಂದದ್ದು. ಮನೆತನದಲ್ಲಿ ಯಾರಿಗೂ ಇಲ್ಲದೆ ಮಗುವಿಗೆ ಬರುವ ಹುಟ್ಟುಕಿವುಡಿನಲ್ಲಿ ಜಾಸ್ತಿ ಕಾಣುವುದು ಜೋಡಿಯ ಎರಡೂ ಕೆಟ್ಟಿರುವುದು. ಒಂದು ಸರಿ ಇದ್ದರೂ ಕಿವಿ ಚೆನ್ನಾಗಿಯೇ ಕೇಳುತ್ತೆ. ಅಂಥವರಿಗೆ ತಮ್ಮೊಳಗೆ ಇಂಥದ್ದೊಂದು ಇದೆ ಅಂತ ಸಾಯುವವರೆಗೂ ಗೊತ್ತಾಗದೇ ಇರಬಹುದು. ಗ್ರೆಗರ್ ಮೆಂಡೆಲ್ ಅನ್ನುವ ಸನ್ಯಾಸಿ ಇದನ್ನು ಬಟಾಣಿಯಲ್ಲಿ ಕಂಡ. ಈಗಿನ ಚೆಕ್ ದೇಶದ ಬ್ರನೋ ಊರಿನ ಮಠದ ತೋಟದಲ್ಲಿ, ದುಂಡು ಕಾಳಿನ ಗಿಡಕ್ಕೆ ಸುಕ್ಕು ಕಾಳಿನ ಗಿಡ ಕೂಡಿಸಿದ. ಬಂದ ಕಾಳೆಲ್ಲ ದುಂಡು. ಸುಕ್ಕು ಹೋಯಿತು ಅಂದುಕೊಳ್ಳಬೇಕು, ಅಲ್ವಾ? ಅದೇ ದುಂಡು ಕಾಳನ್ನು ಬಿತ್ತಿ ಬೆಳೆದಾಗ 5,474 ದುಂಡು ಕಾಳಿನ ಜೊತೆ 1,850 ಸುಕ್ಕು ಕಾಳು ಬಂದವು. ಒಂದು ತಲೆಮಾರು ಸುಕ್ಕು ಒಳಗೇ ಕೂತಿತ್ತು. 1866ರಲ್ಲೇ ಅವನು ಇದನ್ನು ಪ್ರಕಟಿಸಿದ.

ಈಗ ನಿಮ್ಮ ಮನೆಗೆ ಬನ್ನಿ. ಮಗಳ ಕಿವುಡು ಹೀಗೇ ಬಂದಿದ್ದರೆ, ಒಂದು ಕೆಟ್ಟ ಪ್ರತಿ ನಿಮ್ಮಿಂದ ಬಂದಿದೆ, ಇನ್ನೊಂದು ನಿಮ್ಮ ಗಂಡನಿಂದ ಬಂದಿದೆ. ಗಂಡನಿಗೆ ಬಂದದ್ದು ಅಜ್ಜಿಯಿಂದ, ಇಲ್ಲವೇ ಮುತ್ಯಾನಿಂದ. ಅದೇ ಪ್ರತಿ ನಿಮ್ಮ ಅವ್ವನಿಗೂ ಬಂದು, ಅವ್ವನಿಂದ ನಿಮಗೆ ಬಂದಿರುವ ಸಾಧ್ಯತೆಯೇ ಹೆಚ್ಚು. ಒಂದೇ ಮನೆಯಿಂದ ಹೊರಟದ್ದು ಎರಡು ದಾರಿಯಲ್ಲಿ ನಡೆದು ನಿಮ್ಮ ಮಗಳಲ್ಲಿ ಸೇರಿದೆ. ಇದರಲ್ಲಿ ನಿಮ್ಮಪ್ಪನ ಕಡೆಯವರ ಪಾತ್ರ ಇಲ್ಲದೇ ಇರಬಹುದು. ಆದರೆ ಇದನ್ನು ಹಿಡಿದುಕೊಂಡು ಅಜ್ಜಿಗೆ ತಿರುಗಿ ಅನ್ನಬೇಡಿ. ಅವರ ಕಿವಿ ಚೆನ್ನಾಗಿದೆ, ಅವರ ಮಕ್ಕಳ ಕಿವಿ ಚೆನ್ನಾಗಿದೆ. ಅವರಿಗೆ ಹೇಗೆ ಗೊತ್ತಾಗಬೇಕು? ಬೇಕಂತ ಯಾರೂ ಕೊಟ್ಟಿಲ್ಲ.

"ಇನ್ನ ಮೂರಕ್ಕ ಬರಂಗಿಲ್ಲ" ಅನ್ನೋದಕ್ಕೆ ನಾನು ಉಪನ್ಯಾಸ ಕೊಡುವುದಕ್ಕಿಂತ ಅಜ್ಜಿಯ ಕೈಗೇ ಹುಣಸೆಬೀಜ ಕೊಡಿ. ಚೌಕಾಬಾರಕ್ಕೆ ಮಾಡೋ ಹಾಗೆ ಎರಡು ಬೀಜದ ಒಂದೊಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ. ಒಂದು ಬೀಜ ನೀವು, ಇನ್ನೊಂದು ಬೀಜ ನಿಮ್ಮ ಗಂಡ. ಕಪ್ಪು ಅಂದರೆ ಕೆಟ್ಟ ಪ್ರತಿ. ಒಂದಾದರೂ ಬಿಳಿ ಬಿದ್ದರೆ ಮಗುವಿಗೆ ಕಿವಿ ಕೇಳುತ್ತೆ, ಎರಡೂ ಕಪ್ಪು ಬಿದ್ದರೆ ಇಲ್ಲ. ನೂರು ಸಲ ಎಸೆದರೆ ಹೆಚ್ಚುಕಡಿಮೆ ಇಪ್ಪತ್ತೈದು ಸಲ ಎರಡೂ ಕಪ್ಪು ಬೀಳುತ್ತೆ. ಒಮ್ಮೆ ಎರಡೂ ಕಪ್ಪು ಬಿತ್ತು ಅಂತ ಮುಂದಿನ ಮೂರು ಎಸೆತ ಬಿಳಿ ಆಗಲೇಬೇಕಾ? ಚೌಕಾಬಾರ ಆಡಿದವರು ಯಾರೂ ಹಾಗನ್ನಲ್ಲ. ಪ್ರತಿ ಬಸಿರೂ ಹೊಸ ಎಸೆತ.

ಹಾಗಂತ ಎರಡನೇ ಮಗು ಬೇಡ ಅಂತಾನೂ ನಾನು ಹೇಳಲ್ಲ. ನಾಲ್ಕರಲ್ಲಿ ಮೂರು ಪಾಲು ಕೇಳುವ ಮಗುವೇ. ಆದರೆ ಅವಸರ ಬೇಡ. ಮೊದಲು ಮಗಳ ರಕ್ತದ ಜೀನ್ ಪರೀಕ್ಷೆ ಆಗಲಿ, ಆಮೇಲೆ ನಿಮ್ಮಿಬ್ಬರದು. ಬಸಿರಲ್ಲಿ ರುಬೆಲ್ಲಾ, ಹುಟ್ಟಿದಾಗ ಜೋರು ಕಾಮಾಲೆ, ಅವಧಿಗೆ ಮುಂಚೆ ಹೆರಿಗೆ, ಇವುಗಳಿಂದಲೂ ಕಿವುಡು ಬರುತ್ತೆ. ಕಾರಣ ಬೇರೆಯಾದರೆ ನಾಲ್ಕರ ಲೆಕ್ಕವೇ ಬದಲಾಗುತ್ತೆ. ಕಾರಣ ಜೀನಿನದೇ ಅಂತ ಖಚಿತವಾದರೆ, ಬಸಿರಿನ ಸುಮಾರು 11ರಿಂದ 13ನೇ ವಾರದಲ್ಲಿ ಮಗುವಿನ ಪರೀಕ್ಷೆಯೂ ಸಾಧ್ಯ. ಅದನ್ನು ಮಾಡಿಸಬೇಕಾ, ಫಲಿತಾಂಶ ಬಂದ ಮೇಲೆ ಏನು ಅನ್ನೋದು ನೀವಿಬ್ಬರೇ ಕೂತು ತೀರ್ಮಾನಿಸುವ ವಿಷಯ. ನನಗೆ ಒಂದು ಮಾತ್ರ ಗಟ್ಟಿಯಾಗಿ ಹೇಳಬೇಕು ಅನಿಸುತ್ತೆ: ಯಾವ ದಾರಿ ಹಿಡಿದರೂ ಮುಂದಿನ ಮಗುವಿನ ಕಿವಿಯನ್ನು ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷಿಸಿ. ಕೇಳಲ್ಲ ಅಂತಾದರೆ ಆರು ತಿಂಗಳಿಗೆಲ್ಲ ಚಿಕಿತ್ಸೆ ಶುರುವಾಗಬೇಕು.

ತಂಗಿಯ ವಿಷಯಕ್ಕೆ ನಿಮ್ಮ ಮುತ್ಯಾ ಸಾಕು. ಮಗಳಿಗೆ ಯಾವ ಜೀನ್ ಕೆಟ್ಟಿದೆ ಅಂತ ತಿಳಿದರೆ, ತಂಗಿಗೂ ಆ ಹುಡುಗನಿಗೂ ಅದೊಂದನ್ನೇ ನೋಡಿದರೆ ಆಯಿತು. ಹತ್ತಿರದ ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಬಹಳಷ್ಟು ಮಂದಿ ಆರೋಗ್ಯವಾಗಿಯೇ ಇರುತ್ತಾರೆ. ನಿಮ್ಮ ಮನೆಯಲ್ಲಿ ಈಗಾಗಲೇ ಒಂದು ಮಗುವಿಗೆ ಹೀಗಾಗಿದೆ, ಅದಕ್ಕೇ ನಾನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಸಂಜೆ ಮುತ್ಯಾ ಕೊಟ್ಟಿಗೆಯಲ್ಲಿ ಇರುವಾಗ ಹೋಗಿ, ಹೋರಿಯನ್ನು ಯಾಕೆ ಬದಲಿಸ್ತೀಯ ಅಂತ ಅವರ ಬಾಯಿಂದಲೇ ಕೇಳಿ. ಆಮೇಲೆ ತಂಗಿಯ ಮಾತು ತೆಗೆಯಿರಿ. ನಿಶ್ಚಯವನ್ನು ಪರೀಕ್ಷೆಯ ವರದಿ ಬರುವವರೆಗಾದರೂ ಮುಂದೆ ಹಾಕಿಸಿ.