ಸಿಸ್ಟರ್, ಕೆಂಪು ಮಣ್ಣಲ್ಲಿ ಕಬ್ಬಿಣ ಇದೆ ಅಲ್ವಾ?

ಹೆರಿಗೆ ವಾರ್ಡಿನ ಹಿರಿಯ ನರ್ಸ್ ಉತ್ತರ

ನಾನು ಐದು ತಿಂಗಳ ಬಸುರಿ. ಮಳೆಗೆ ನೆನೆದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ವಾಸನೆ ಬಂದರೆ ತಡೆಯಲಾಗುವುದಿಲ್ಲ, ದಿನಾ ಒಂದು ಚೂರು ತಿನ್ನುತ್ತೇನೆ. ಕೆಂಪು ಮಣ್ಣಲ್ಲಿ ಕಬ್ಬಿಣ ಇದೆ, ರಕ್ತ ಆಗುತ್ತದೆ ಎನ್ನುತ್ತಾರೆ ಪಕ್ಕದ ಮನೆಯವರು. ನಿಜವೇ? – ಬ್ರಹ್ಮಾವರದ ಓದುಗರು

ಪ್ರತಿ ಮಳೆಗಾಲವೂ ಇದೇ ಮಾತು ಕೇಳಿ ಕೇಳಿ ಸಾಕಾಗಿದೆ. ನಮ್ಮ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದಲೇ, ಅದು ಸರಿ. ಆದರೆ ಅದು ತುಕ್ಕು ಹಿಡಿದ ಕಬ್ಬಿಣ. ಅದರಿಂದ ನಿಮ್ಮ ರಕ್ತಕ್ಕೆ ಸೇರುವುದು ಇಲ್ಲವೆನ್ನುವಷ್ಟು ಕಡಿಮೆ. ಮೇಲಿಂದ, ಊಟದಲ್ಲಿ, ಮಾತ್ರೆಯಲ್ಲಿ ಇರುವ ಕಬ್ಬಿಣವನ್ನೂ ಜೇಡಿಮಣ್ಣು ಹಿಡಿದಿಟ್ಟು ಹೊರಗೆ ಒಯ್ಯಬಹುದು. ಜಂತುಹುಳದ ಮೊಟ್ಟೆ ಹೊಟ್ಟೆಗೆ ಹೋಗುವುದೂ ಇದೇ ದಾರಿಯಲ್ಲಿ. ಕೆಲವು ಕಡೆಯ ಮಣ್ಣಲ್ಲಿ ಸೀಸವೂ ಇರುತ್ತದೆ, ಅದು ಮಗುವಿನ ಮೆದುಳಿಗೆ ವಿಷ.

ನಿಮ್ಮನ್ನು ಬೈಯುತ್ತಿಲ್ಲ. ಮಣ್ಣು ತಿನ್ನಬೇಕು ಅನ್ನಿಸುವುದು ಬಹಳ ಸಲ ರಕ್ತ ಕಡಿಮೆ ಇರುವ ಗುರುತು. ಒಮ್ಮೆ ಒಬ್ಬಳ ಹಾಸಿಗೆ ಸರಿ ಮಾಡುವಾಗ ತಲೆದಿಂಬಿನ ಕೆಳಗೆ ಕಾಗದದ ಪೊಟ್ಟಣ ಸಿಕ್ಕಿತು. ಒಳಗೆ ಕಡಲೆಕಾಳಿನಷ್ಟು ಸಣ್ಣ ಸಣ್ಣ ಹಂಚಿನ ಚೂರು. ಅವಳು ಅಳಲು ಶುರು ಮಾಡಿದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದೆ, ಒಳಗೆ ಬಿಳಿ ಬಿಳಿ. ಹಿಮೋಗ್ಲೋಬಿನ್ 7.4. ಅಷ್ಟು ತಿಂಗಳು ಚೆಕಪ್‌ಗೆ ಬಂದಿದ್ದಳು, 'ಮಣ್ಣು, ಬಳಪ ತಿನ್ನಬೇಕು ಅನ್ನಿಸುತ್ತದೆಯೇ' ಎಂದು ನಮ್ಮಲ್ಲಿ ಒಬ್ಬರೂ ಕೇಳಿರಲಿಲ್ಲ. ಅಂದಿನಿಂದ ನಾನು ಎಲ್ಲರನ್ನೂ ಕೇಳುತ್ತೇನೆ, ಅತ್ತೆಯನ್ನು ಹೊರಗೆ ಕೂರಿಸಿ. ಕಿರಿಯ ಸಿಸ್ಟರ್‌ಗಳೇ, ನೀವೂ ಕೇಳಿ. ನಗಬೇಡಿ. ಒಮ್ಮೆ ನಕ್ಕರೆ ಅವಳು ಮತ್ತೆ ಬಾಯಿ ಬಿಡುವುದಿಲ್ಲ.

ಬಸುರಿಗೆ ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಎಂದೇ ಲೆಕ್ಕ. 7ಕ್ಕಿಂತ ಕೆಳಗೆ ಹೋದರೆ ಆಸ್ಪತ್ರೆಗೇ ಬರಬೇಕು. ನಾಳೆಯೇ ಪರೀಕ್ಷೆ ಮಾಡಿಸಿ, ಮಣ್ಣು ತಿನ್ನುವ ವಿಷಯ ಡಾಕ್ಟರಿಗೆ ಹೇಳಿ. ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇದೆ. ಬಸಿರಲ್ಲಿ ಕನಿಷ್ಠ 180 ದಿನ ತಗೊಳ್ಳಬೇಕು. ರಕ್ತ ಕಡಿಮೆ ಇದ್ದರೆ ದಿನಕ್ಕೆ ಎಷ್ಟು ಎಂದು ಡಾಕ್ಟರು ಹೇಳುತ್ತಾರೆ. ಚಹಾದ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ. ಲಿಂಬೆ ಶರಬತ್ತಿನ ಜೊತೆ ತಗೊಳ್ಳಿ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಹುಳದ ಮಾತ್ರೆ ಬೇಕೇ ಎಂದೂ ಕೇಳಿ. ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ. ರಕ್ತ ಏರುತ್ತಾ ಬಂದ ಹಾಗೆ ಬಹಳ ಜನರಿಗೆ ಮಣ್ಣಿನ ಆಸೆ ತಾನಾಗಿ ಹೋಗುತ್ತದೆ. ಅಲ್ಲಿಯವರೆಗೆ ಹುರಿಗಡಲೆಯೋ, ನೆಲ್ಲಿಕಾಯಿ ಚೂರೋ ಬಾಯಲ್ಲಿ ಇಟ್ಟುಕೊಳ್ಳಿ.

ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದಂತೆ?

ಇಲ್ಲ. ಕಿವಿ ಸೋರುವುದು ಸೋಂಕಿನಿಂದ.

ಮಣ್ಣನ್ನು ಹುರಿದು ತಿಂದರೆ ಆಗುತ್ತದೆಯೇ?

ಹುಳದ ಮೊಟ್ಟೆ ಸಾಯಬಹುದು, ಸೀಸ ಸಾಯುವುದಿಲ್ಲ. ಬೇಡ.

ರಕ್ತ ಹೆಚ್ಚಿಸುವ ಪುಡಿ ಒಬ್ಬರು ಮನೆಗೇ ತಂದು ಕೊಡುತ್ತಾರೆ. 15 ದಿನದಲ್ಲಿ ಗ್ಯಾರಂಟಿಯಂತೆ.

ಅದರಲ್ಲಿ ಏನಿದೆ ಎಂದು ಬರೆದು ಕೊಡಲು ಹೇಳಿ. ಕೊಡದಿದ್ದರೆ ಬಾಗಿಲು ಹಾಕಿ. ಬಸುರಿಯ ಹೊಟ್ಟೆಗೆ ಗೊತ್ತಿಲ್ಲದ ಪುಡಿ ಹಾಕಿಸುವವರ ಮೇಲೆ ನನಗೆ ತುಂಬಾ ಕೋಪ ಇದೆ.

ಹೆಂಡತಿ ಬಳಪ ತಿನ್ನುತ್ತಾಳೆ, ಎಷ್ಟು ಬೈದರೂ ಬಿಡುವುದಿಲ್ಲ. ಬಸುರಿಯೂ ಅಲ್ಲ.

ಬಸುರಿ ಅಲ್ಲದವರಿಗೂ ರಕ್ತ ಕಡಿಮೆ ಇರುತ್ತದೆ. ತಿಂಗಳ ಮುಟ್ಟು ಜಾಸ್ತಿ ಹೋಗುತ್ತದೆಯೇ ಎಂದು ಕೇಳಿದ್ದೀರಾ? ಬೈಯುವುದು ನಿಲ್ಲಿಸಿ. ಒಂದು ದಿನ ರಜೆ ಹಾಕಿ, ರಕ್ತ ಪರೀಕ್ಷೆಗೆ ನೀವೇ ಜೊತೆಯಲ್ಲಿ ಹೋಗಿ.